ಅರ್ಧ ನಿಮಿಷದ ಉಸಿರು

ಟಿಕ್, ಟಿಕ್, ಟಿಕ್.

ಕಂಬಳಿಯೊಳಗೆ ತಾನೇ ಗುಂಡಿ ಒತ್ತಿದ್ದರೂ ಆ ಸದ್ದು ಬೇರೆ ಯಾರದೋ ಎಂಬಂತೆ ನೈಗಾಗಾ ಬೆಚ್ಚಿದಳು. ನಡುರಾತ್ರಿ ದಾಟಿ ಬಹಳ ಹೊತ್ತಾಗಿತ್ತು. ಬೆಳಗಾದರೆ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ. ಬಾಣಂತಿಯನ್ನೂ ಹಸುಗೂಸನ್ನೂ ಮನೆಯಲ್ಲಿ ನೋಡಿಕೊಳ್ಳುವ ಬಗ್ಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ಎಷ್ಟು ಗೊತ್ತಿದೆ ಎಂದು ಅಳೆಯಲು ರಾಜಧಾನಿ ಕಂಪಾಲಾದಿಂದ ಜನ ಬರುತ್ತಾರಂತೆ. ಕೊಟ್ಟ ಸಾಮಾನೆಲ್ಲ ತರಬೇಕು, ಕೆಲಸ ಮಾಡುವ ಸ್ಥಿತಿಯಲ್ಲಿ ತರಬೇಕು ಎಂದು ಮೇಲ್ವಿಚಾರಕ ಕಿರುಂಡಾ ಹೇಳಿಕಳಿಸಿದ್ದ. ಕೊಟ್ಟ ಸಾಮಾನು! ಜ್ವರ ನೋಡುವ ಕಡ್ಡಿ ಒಡೆದು ಎರಡು ವರ್ಷವಾಯಿತು, ತೂಕದ ಜೋಳಿಗೆ ಬರಲೇ ಇಲ್ಲ, ಟಾರ್ಚಿಗೆ ಬ್ಯಾಟರಿ ಇಲ್ಲ. ಉಳಿದದ್ದು ರಿಜಿಸ್ಟರು, ಚಿತ್ರದ ಹಾಳೆಗಳು, ಮತ್ತು ಅಂಗೈಯಗಲದ ಈ ಉಸಿರಿನ ಗಡಿಯಾರ. ಒತ್ತಿದರೆ ಒಂದು ನಿಮಿಷ ಟಿಕ್ ಎನ್ನುತ್ತದೆ. ಅಷ್ಟರೊಳಗೆ ಮಗುವಿನ ಎದೆ ಎಷ್ಟು ಸಲ ಏರಿತು ಎಂದು ಎಣಿಸಬೇಕು. ಅರವತ್ತರೊಳಗಿದ್ದರೆ ಸರಿ, ಅರವತ್ತು ಮುಟ್ಟಿದರೆ ಮಗುವನ್ನು ಎತ್ತಿಕೊಂಡು ಓಡಬೇಕು. ಇದಾದರೂ ನಡೆಯುತ್ತಿದೆಯಲ್ಲ ಎಂದು ನೋಡಿಕೊಳ್ಳಲು ಒತ್ತಿದ್ದಳು. ಏಳನೆಯ ಇಯತ್ತೆಯ ಪರೀಕ್ಷೆಯ ಹಿಂದಿನ ರಾತ್ರಿಯೂ ಹೀಗೆಯೇ, ಎರಡು ಪೆನ್ಸಿಲುಗಳ ಮೊನೆಯನ್ನು ಕತ್ತಲಲ್ಲಿ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ್ದಳು. ಮೊನೆ ಚೆನ್ನಾಗಿಯೇ ಇತ್ತು. ಪರೀಕ್ಷೆಯ ಕೊಠಡಿಯಲ್ಲಿ ಮಾಸ್ತರು ಹತ್ತಿರ ಬಂದು ನಿಂತ ಕೂಡಲೇ ಬರುತ್ತಿದ್ದ ಉತ್ತರವೂ ಮರೆತುಹೋಗಿತ್ತು. ಟಿಕ್, ಟಿಕ್. ಆಮೇಲೆ ಬೀಪ್ ಎಂದಿತು. ಒಂದೇ ಒಂದು ಸಲ. ಮತ್ತೆ ಟಿಕ್, ಟಿಕ್, ಟಿಕ್.

ಅವಳು ಎದ್ದು ಕುಳಿತಳು. ಹೌದು, ಅರ್ಧ ನಿಮಿಷಕ್ಕೆ ಒಂದು ಸಲ ಬೀಪ್ ಎನ್ನುತ್ತದೆ. ನಿಮಿಷ ಮುಗಿದಾಗ ಎರಡು ಸಲ. ಎಂಟು ವರ್ಷದಿಂದ ಕೈಯಲ್ಲಿ ಹಿಡಿದು ತಿರುಗಿದ ವಸ್ತು, ಅವಳಿಗೆ ಗೊತ್ತಿರದೆ ಯಾರಿಗೆ ಗೊತ್ತಿರಬೇಕು. ಆದರೆ ನಿನ್ನೆ ಸಂಜೆ ಅದು ಅವಳ ಕೈಯಲ್ಲಿರಲಿಲ್ಲ. ಮಗಳು ಕಗೋಯಾಳ ಕೈಯಲ್ಲಿತ್ತು, ಗೋಡೆಯ ಆ ಕಡೆ. ಗೋಡೆಯ ಈ ಕಡೆ, ಅಳಿಯನ ಮನೆಯ ಕಿಟಕಿಯ ಹೊರಗೆ, ಹಲಸಿನ ಮರದ ಕೆಳಗೆ ನಿಂತು ನೈಗಾಗಾ ಕೂಗಿ ಹೇಳಿದ್ದಳು, ಬಟ್ಟೆ ಸರಿಸು, ಎದೆ ಕಾಣೋ ಹಾಗೆ ಮಲಗಿಸು, ಬೀಪ್ ಅನ್ನೋ ತನಕ ಎಣಿಸು. ಬೀಪ್ ಅನ್ನೋ ತನಕ. ಹಾಗೆಯೇ ಹೇಳಿದ್ದಳು. "ಮೂವತ್ತಾರು ಅಮ್ಮಾ" ಎಂದಳು ಮಗಳು, ಕಿಟಕಿಯ ದಂಡೆಯ ಮೇಲೆ ಗಡಿಯಾರ ಇಟ್ಟಳು. ಮೂವತ್ತಾರು, ಚೆನ್ನಾಗಿದೆ ಎಂದುಕೊಂಡು ನೈಗಾಗಾ ಅದನ್ನು ಚೀಲಕ್ಕೆ ಹಾಕಿಕೊಂಡು, ರಿಜಿಸ್ಟರನ್ನು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದಾಗ ಚೀಲದೊಳಗಿಂದ ಎರಡು ಸಲ ಬೀಪ್ ಬೀಪ್ ಎಂದು ಕೇಳಿಸಿತ್ತು. ಕೇಳಿಸಿತ್ತು. ಈಗ ಅದನ್ನು ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ. ಅಂಕಿ ದುಂಡಗೆ ಬರಬೇಕು, ನಾಳೆ ನೋಡುವವರಿದ್ದಾರೆ ಎಂದು ಮೂರರ ಬಾಲವನ್ನು ತಿದ್ದುತ್ತಿದ್ದಳು. ಮೂವತ್ತಾರು ಅರ್ಧ ನಿಮಿಷಕ್ಕೆ. ಹಾಗಾದರೆ ಎಪ್ಪತ್ತೆರಡು.

ಚೀಲ ಹೆಗಲಿಗೇರಿಸಿ ಕಬ್ಬಿನ ಗದ್ದೆಯ ದಾರಿ ಹಿಡಿದಾಗ ನಾಯಿಗಳೂ ಮಲಗಿದ್ದವು. ಮಗುವಿಗೆ ಐದು ದಿನ, ಇನ್ನೂ ಹೆಸರಿಲ್ಲ. ಹೊಕ್ಕುಳ ಬಳ್ಳಿ ಉದುರುವವರೆಗೆ ಮಗುವೂ ಬಾಣಂತಿಯೂ ಹೊಸ್ತಿಲು ದಾಟಿ ಹೊರಗೆ ಬರುವ ಹಾಗಿಲ್ಲ. ಅಳಿಯ ಮಲಗುವ ಮನೆಯೊಳಗೆ ಅವನ ಅತ್ತೆ, ಅವನು ಇರಲಿ ಬಿಡಲಿ, ಕಾಲಿಡುವ ಹಾಗಿಲ್ಲ. ಅವನ ಮುಖ ನೋಡುವ ಹಾಗಿಲ್ಲ, ಹೆಸರು ಕರೆಯುವ ಹಾಗಿಲ್ಲ. ಅವನ ಹಾಸಿಗೆಯನ್ನು ಮುಟ್ಟಿದರಂತೂ ಕೈಕಾಲು ನಡುಗುವ ರೋಗ ಬರುತ್ತದೆ, ಮುಟ್ಟಿದವಳಿಗೂ ಬರುತ್ತದೆ, ಅವನಿಗೂ ಬರುತ್ತದೆ. ಚಿಕ್ಕಂದಿನಲ್ಲಿ ಅಂಥ ಒಬ್ಬ ಮುದುಕಿಯನ್ನು ನೋಡಿದ್ದಳು; ಬಾಳೆಗಿಡದ ಬುಡದಲ್ಲಿ ಕುಳಿತು ಗಂಜಿಯ ಬಟ್ಟಲನ್ನು ಬಾಯಿಗೆ ತರುವಷ್ಟರಲ್ಲಿ ಅರ್ಧ ಎದೆಯ ಮೇಲೆ ಚೆಲ್ಲಿಕೊಳ್ಳುತ್ತಿದ್ದಳು. ಏನು ಮಾಡಿದ್ದಳಂತೆ ಎಂದು ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಿದ್ದರು. ಆ ಬಾಗಿಲಲ್ಲಿ ಎರಡು ಕಟ್ಟಳೆಗಳು ಎದುರಾಬದುರಾಗಿ ನಿಂತಿದ್ದವು, ನಡುವೆ ಐದು ದಿನದ ಮಗು. ಹೆರಿಗೆಯಾದ ಒಂದನೆಯ ದಿನ, ಮೂರನೆಯ ದಿನ, ಏಳನೆಯ ದಿನ ಮನೆಗೆ ಹೋಗಿ ನೋಡಬೇಕು ಎಂದು ಅವಳಿಗೆ ಗೊತ್ತಿತ್ತು. ಆ ಮನೆಗೆ ಬೇರೆ ಯಾರನ್ನಾದರೂ ಹಾಕಿ ಎಂದು ಮಗಳು ಆರು ತಿಂಗಳ ಬಸುರಿ ಇದ್ದಾಗಲೇ ಕಿರುಂಡಾನನ್ನು ಕೇಳಿದ್ದಳು. ಅವನು ನಕ್ಕಿದ್ದ. "ನಿಮ್ಮ ಅತ್ತೆ ಅಳಿಯನ ಕಥೆ ನನ್ನ ಪುಸ್ತಕದಲ್ಲಿಲ್ಲ ನೈಗಾಗಾ. ಹಳ್ಳಿಗಿಬ್ಬರು ಅಂತ ಲೆಕ್ಕ. ನಿಮ್ಮ ಜೊತೆಗೆ ವಾಂಬುಜಿ ಇದ್ದಾರಲ್ಲ?" ಹೀಗೆ ನಕ್ಕವನು ತನ್ನ ಅತ್ತೆ ಎದುರಿಗೆ ಬಂದರೆ ಸೈಕಲ್ ಬಿಟ್ಟು ಜೋಳದ ಹೊಲಕ್ಕೆ ಹಾರಿ ಅಡಗಿಕೊಳ್ಳುವವನೇ, ಅವಳು ಕಣ್ಣಾರೆ ನೋಡಿದ್ದಳು. ವಾಂಬುಜಿಯೋ ಮುದುಕ, ಗಂಡಸು. ಬಾಣಂತಿಯ ಕೋಣೆಗೆ ಅವನೂ ಹೋಗುವ ಹಾಗಿಲ್ಲ. "ಹೊರಗಡೆ ನಿಂತು ಕೇಳು, ಒಳಗಡೆ ನೋಡ್ದೆ ಅಂತ ಬರ್ಕೊ ತಾಯಿ. ನಾನು ಮಾಡೋದೂ ಅದೇ" ಎಂದು ಅವನು ಹಲ್ಲಿಲ್ಲದ ಬಾಯಲ್ಲಿ ಹೇಳಿದ್ದ. ಅವಳು ಬರೆದುಕೊಂಡಳು. ಒಂದನೆಯ ದಿನ, ಭೇಟಿ ಆಗಿದೆ. ಮೂರನೆಯ ದಿನ, ಭೇಟಿ ಆಗಿದೆ. ನಿನ್ನೆ ಮಗು ಜಾಸ್ತಿ ಮಲಗ್ತಾ ಇದೆ, ಹಾಲು ಸರಿಯಾಗಿ ಕುಡೀತಿಲ್ಲ ಎಂದು ಮಗಳು ಹೇಳಿದ್ದರಿಂದ ಇನ್ನೊಂದು ಸಲ ಹೋಗಿದ್ದಳು. ಬೇರೆಯವರ ಮನೆಯಾಗಿದ್ದರೆ ಒಳಗೆ ಹೋಗಿ, ಕೈ ತೊಳೆದು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಅದರ ಅಂಗಾಲು ಮುಟ್ಟಿ ನೋಡುತ್ತಿದ್ದಳು. ಎಂಟು ವರ್ಷದಲ್ಲಿ ಎಷ್ಟು ಅಂಗಾಲು! ಊರಿನ ಪ್ರತಿ ಕೂಸಿನ ಎದೆಯನ್ನೂ ನೋಡಬಲ್ಲವಳು ತನ್ನ ಮೊಮ್ಮಗಳ ಎದೆಯನ್ನು ಇಷ್ಟು ದಿನ ಕಂಡಿರಲಿಲ್ಲ. ಮುಖವನ್ನು ಕಂಡದ್ದೂ ಒಂದೇ ಸಲ, ಕಿಟಕಿಯ ಸರಳಿನ ಹಿಂದೆ.

ಮಣ್ಣಿನ ಗೋಡೆ, ತಗಡಿನ ಮಾಡು, ಒಂದೇ ಕೋಣೆ, ಒಂದೇ ಬಾಗಿಲು. ಮೋಟರ್ ಬೈಕು ಮಾಡಿನ ಕೆಳಗೆ ನಿಂತಿತ್ತು; ಅಂದರೆ ಅವನು ಮನೆಯಲ್ಲಿದ್ದಾನೆ. ಕಿಟಕಿಯ ಹಲಗೆ ತಟ್ಟಿದಳು.

"ಯಾರು?"

"ನಾನು ಕಣೆ. ಮಗೂನ ಕಿಟಕಿ ಹತ್ರ ತಾ."

"ಅಮ್ಮಾ? ಇಷ್ಟೊತ್ನಲ್ಲಿ? ಈಗ ತಾನೇ ಮಲಗಿದೆ."

"ಮಲಗಿದ್ರೂ ತಾ. ನಿನ್ನೆ ಎಣಿಸ್ದೆಯಲ್ಲ, ಮೊದಲ್ನೇ ಬೀಪಿಗೇ ನಿಲ್ಲಿಸಿಬಿಟ್ಯಾ?"

"ಬೀಪ್ ಅನ್ನೋ ತನಕ ಅಂದೆ ನೀನು" ಎಂದಳು ಕಗೋಯಾ. ಧ್ವನಿಯಲ್ಲಿ ಅಳು ಇತ್ತು, ಆರೋಪವೂ ಇತ್ತು. ಮಗುವನ್ನು ಸರಳಿನ ಹತ್ತಿರ ಹಿಡಿದಳು. ಕತ್ತಲಲ್ಲಿ ಒಂದು ಬಟ್ಟೆಯ ಗಂಟು, ಅದರೊಳಗಿಂದ ಸಣ್ಣಗೆ ಹಳೇ ಬಾಗಿಲಿನ ತಿರುಗಣೆಯಂಥ ಸದ್ದು. ಪ್ರತಿ ಉಸಿರಿಗೂ ಒಂದು ನರಳಿಕೆ. ನೈಗಾಗಾ ಆ ಸದ್ದನ್ನು ಬೇರೆ ಮನೆಗಳಲ್ಲಿ ಕೇಳಿದ್ದಳು. ಒಂದು ಮನೆಯಲ್ಲಿ ಕೇಳಿ, ಅರ್ಧ ದಾರಿಯಲ್ಲಿ ಅದು ನಿಂತದ್ದನ್ನೂ ಕೇಳಿದ್ದಳು. "ದೀಪ ಹಚ್ಚು" ಎಂದಳು. ಸೀಮೆಎಣ್ಣೆ ಇಲ್ಲ ಎಂದಳು ಮಗಳು. "ಹೊರಗೆ ತರ್ಲಾ?" ಎಂದಳು, ತಾನೇ ಆ ಮಾತಿಗೆ ಹೆದರಿದವಳಂತೆ. ತಣ್ಣನೆಯ ಮಂಜು ಸುರಿಯುತ್ತಿತ್ತು. ಹೊರಗೆ ತರಬೇಡ ಎಂದು ಕಟ್ಟಳೆ ಹೇಳುತ್ತಿತ್ತು, ತರಬೇತಿಯಲ್ಲಿ ಕಲಿತದ್ದೂ ಅದನ್ನೇ ಹೇಳುತ್ತಿತ್ತು: ಮಗುವನ್ನು ಬೆಚ್ಚಗಿಡಿ. ನೈಗಾಗಾ ಬಾಗಿಲ ಮುಂದೆ ಬಂದು ನಿಂತಳು. ಇಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಎದುರಿಗೆ ಊರು ಇರುತ್ತದೆ, ಮಗಳ ಸಂಸಾರ ಇರುತ್ತದೆ, ಗಂಡನ ಕಡೆಯವರ ಬಾಯಿ ಇರುತ್ತದೆ, ಬಾಳೆಯ ಬುಡದ ಆ ಮುದುಕಿ ಇರುತ್ತಾಳೆ. ಆಗ ಒಳಗಿನಿಂದ ಗಂಡು ಧ್ವನಿ ಕೇಳಿಸಿತು. ಅವಳನ್ನು ಉದ್ದೇಶಿಸಿ ಅವನು ಮಾತಾಡುವ ಹಾಗಿರಲಿಲ್ಲ, ಹೆಂಡತಿಗೆ ಹೇಳಿದ.

"ನಿಮ್ಮಮ್ಮಂಗೆ ಹೇಳು, ಈ ಮನೇಲಿ ಈಗ ಯಾರೂ ಇಲ್ಲ ಅಂತ."

ಕಗೋಯಾ ಬಾಗಿಲ ಅಗುಳಿ ತೆಗೆದಳು.

"ಹೇಳೇ. ಮ್ವೊಂಧಾ ಕಬ್ಬಿನ ಲಾರಿ ಜೊತೆ ಹೋಗಿದಾನೆ, ನಾಡಿದ್ದು ಬರ್ತಾನೆ. ಮನೆ ಖಾಲಿ ಇದೆ." ತನ್ನ ಹೆಸರನ್ನೇ ಬೇರೆಯವನದೆಂಬಂತೆ ಹೇಳಿದ.

ನೈಗಾಗಾ ಬಾಗಿಲ ಚೌಕಟ್ಟಿಗೆ ಹೇಳಿದಳು: "ಯಾರೂ ಇಲ್ಲ ಅಂದ್ರೆ ಸರಿ. ಯಾರೂ ಇಲ್ದಿರೋ ಮನೆಗೆ ಹೋಗೋಕೇನು." ಖಾಲಿ ಮನೆಗೂ ಅವಳು ಹೋಗುವ ಹಾಗಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ಹಿಡಿದುಕೊಳ್ಳಲು ಒಂದು ಸುಳ್ಳು ಸಿಕ್ಕಿತ್ತು. ಕಾಲು ಹೊಸ್ತಿಲು ದಾಟಿತು. ದಾಟಿದ ಕಾಲು ತನ್ನದೆಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ನೆಲದ ಮೇಲೆ ಗೋಡೆಗೆ ಒತ್ತಿಕೊಂಡು ಕಂಬಳಿಯ ಒಂದು ರಾಶಿ ಬಿದ್ದಿತ್ತು, ತಲೆಯಿಂದ ಕಾಲಿನವರೆಗೆ ಮುಸುಕು. ಅದು ಯಾರೂ ಅಲ್ಲ. ಕೂರಲು ಹಾಸಿಗೆಯ ಅಂಚು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅಳಿಯನ ಹಾಸಿಗೆಯ ಮೇಲೆ ಕುಳಿತಳು. ಮಗುವನ್ನು ಮಡಿಲಿಗೆ ತೆಗೆದುಕೊಂಡು ಬಟ್ಟೆ ಬಿಚ್ಚಿದಳು, ಬಿಚ್ಚಿದರೂ ಕಾಣುವುದು ಹೇಗೆ? ಆಗ ಕಂಬಳಿಯ ರಾಶಿಯೊಳಗಿಂದ ಒಂದು ಕೈ ಹೊರಗೆ ಬಂತು. ಮೊಣಕೈಯವರೆಗೆ ಮಾತ್ರ. ಉಗುರಿನಲ್ಲಿ ಬೈಕಿನ ಎಣ್ಣೆಯ ಕಪ್ಪು. ಆ ಕೈಯಲ್ಲಿ ಫೋನು, ಫೋನಿನಲ್ಲಿ ಬೆಳಕು. ಬೆಳಕು ಮೊದಲು ಮಾಡಿಗೆ ಬಿತ್ತು, ಆಮೇಲೆ ಅವಳ ಮೊಣಕಾಲಿಗೆ, ಮಗುವನ್ನು ಹುಡುಕುತ್ತಿತ್ತು. ಅವನು ನೋಡುತ್ತಿರಲಿಲ್ಲ, ಮುಸುಕಿನೊಳಗಿದ್ದ. ಅವಳು ಆ ಮಣಿಕಟ್ಟು ಹಿಡಿದು ಸರಿಯಾದ ಜಾಗಕ್ಕೆ ತಿರುಗಿಸಿದಳು. ಇಬ್ಬರ ಕೈಯೂ ನಡುಗುತ್ತಿತ್ತು. ಗಡಿಯಾರ ಒತ್ತಿದಳು. ಪಕ್ಕೆಲುಬುಗಳ ಕೆಳಗೆ ಪ್ರತಿ ಉಸಿರಿಗೂ ಎದೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಬೀಪ್. ಎಣಿಸುತ್ತಾ ಹೋದಳು. ಬೀಪ್ ಬೀಪ್. ಎಪ್ಪತ್ತೆರಡು. ಅಂಗಾಲು ತಣ್ಣಗಿತ್ತು.

"ಬೈಕು ತೆಗಿ" ಎಂದಳು. ಯಾರಿಗೆ ಎಂದು ಹೇಳಲಿಲ್ಲ. ಬಳ್ಳಿ ಉದುರುವ ಮೊದಲೇ ತಾಯಿಯೂ ಮಗುವೂ ಹೊಸ್ತಿಲು ದಾಟಿದರು.

ಬೈಕಿನಲ್ಲಿ ಮೂವರು ಹೋಗಬಹುದು, ಊರಿನಲ್ಲಿ ನಾಲ್ವರೂ ಹೋಗುತ್ತಾರೆ. ಆದರೆ ಅವಳು ಹತ್ತುವ ಹಾಗಿರಲಿಲ್ಲ. ಮಗುವನ್ನು ಮಗಳ ಬರಿ ಎದೆಗೆ ಹಚ್ಚಿ, ಮೇಲೆ ಬಟ್ಟೆ ಸುತ್ತಿ, ಹಾಲು ಹಿಂಡಿ ತುಟಿಗೆ ಹಾಕುತ್ತಿರು ಎಂದು ಹೇಳಿ, ಬೈಕಿನ ಸದ್ದು ಕಬ್ಬಿನ ಆಚೆ ಕರಗಿದ ಮೇಲೆ ಅವಳು ಒಬ್ಬಳೇ ನಡೆಯತೊಡಗಿದಳು. ಎರಡು ಗಂಟೆಯ ದಾರಿ. ಕೈ ಇನ್ನೂ ನಡುಗುತ್ತಿತ್ತು. ಚಳಿಗೆ ಎಂದುಕೊಂಡಳು. ರಾತ್ರಿ ಉಂಡಿಲ್ಲ ಎಂದುಕೊಂಡಳು. ಸೂರ್ಯ ಬಂದು ಬೆನ್ನು ಬೆಚ್ಚಗಾದ ಮೇಲೂ ಬಲಗೈಯ ಎರಡು ಬೆರಳು ಸುಮ್ಮನಾಗಲಿಲ್ಲ. ಮಣಿಕಟ್ಟು ಹಿಡಿದದ್ದು ಅದೇ ಕೈ. ಇಂಥದನ್ನೆಲ್ಲ ನಂಬುವುದಿಲ್ಲ ಎಂದು ತರಬೇತಿಯಲ್ಲಿ ಕೈ ಎತ್ತಿದವಳು ಅವಳು. ಕೆಟ್ಟ ಕಣ್ಣಿಗೂ ಉಸಿರಾಟಕ್ಕೂ ಸಂಬಂಧವಿಲ್ಲ, ಬಳ್ಳಿಗೆ ಸಗಣಿ ಹಚ್ಚಬಾರದು, ಹುಟ್ಟಿದ ದಿನವೇ ಸ್ನಾನ ಮಾಡಿಸಬಾರದು ಎಂದು ಅಜ್ಜಿಯಂದಿರ ಬೈಗುಳ ತಿಂದವಳು. "ಬಂದ್ಳಪ್ಪಾ ಡಾಕ್ಟ್ರಮ್ಮ, ನಾವೆಲ್ಲ ನಿನ್ ಪುಸ್ತಕ ಓದಿ ಹುಟ್ಟಿದ್ವಾ?" ಎಂದು ಅವರು ನಕ್ಕಾಗ ತಾನೂ ನಕ್ಕು, ಮಂಡಿಯೂರಿ, ಮತ್ತೊಮ್ಮೆ ಹೇಳಿದವಳು. ಹಾಗಾದರೆ ಈ ಎರಡು ಬೆರಳಿಗೆ ಏನಾಗಿದೆ? ಅವಳು ಅವನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದುಕೊಂಡು ನಡೆದಳು. ಸಿಟ್ಟು ಬಂತು. ಬೆರಳಿನ ಮೇಲೆ, ಮುದುಕಿಯ ಮೇಲೆ, ಬೀಪ್ ಎನ್ನುವ ಯಂತ್ರ ಮಾಡಿದವರ ಮೇಲೆ. ಅರ್ಧಕ್ಕೆ ಯಾಕಪ್ಪಾ ಬೀಪ್ ಅನ್ನಬೇಕು? ಮುಗಿದಾಗ ಒಂದು ಸಲ ಅಂದರೆ ಸಾಲದೇ? ಮಾಡಿದವರು ಅದನ್ನು ಯಾವತ್ತಾದರೂ ಗೋಡೆಯ ಹೊರಗೆ ನಿಂತು ಮಗಳ ಕೈಗೆ ಕೊಟ್ಟಿದ್ದರೇ?

ಆರೋಗ್ಯ ಕೇಂದ್ರದ ಅಂಗಳದಲ್ಲಿ ಬಿಳಿ ಗಾಡಿ ನಿಂತಿತ್ತು. ಮಾವಿನ ಮರದ ಕೆಳಗೆ ಮೇಜು, ಮೇಜಿನ ಮೇಲೆ ಬಟ್ಟೆ, ಚಹಾದ ಫ್ಲಾಸ್ಕು, ಬೇಯಿಸಿದ ಮೊಟ್ಟೆ, ಚಪಾತಿ. ಇರುವ ಒಬ್ಬಳೇ ನರ್ಸು ಬಂದವರಿಗೆ ಚಹಾ ಬಗ್ಗಿಸುತ್ತಿದ್ದಳು. ಜಗುಲಿಯ ಬೆಂಚಿನ ತುದಿಯಲ್ಲಿ ಕಗೋಯಾ ಕುಳಿತಿದ್ದಳು, ಮಗು ಎದೆಯಲ್ಲಿ. ಮ್ವೊಂಧಾ ದೂರದಲ್ಲಿ ಬೈಕಿಗೆ ಒರಗಿ ನಿಂತಿದ್ದವನು ಅತ್ತೆ ಬಂದದ್ದು ಕಂಡ ಕೂಡಲೇ ಬೆನ್ನು ತಿರುಗಿಸಿದ. ಹಾಗೆಯೇ ಮಾಡಬೇಕು, ಸರಿಯಾಗಿಯೇ ಮಾಡಿದ.

"ನರ್ಸಮ್ಮ ನೋಡಿದ್ರಾ?" ಎಂದು ಮಗಳನ್ನು ಕೇಳಿದಳು.

"ಇಲ್ಲ. ಬಂದಾಗಿಂದ ಇಲ್ಲೇ ಕೂತಿದೀನಿ. ಕೂತ್ಕೊ, ಬರ್ತೀನಿ ಅಂದ್ರು. ಅಷ್ಟರಲ್ಲಿ ಗಾಡಿ ಬಂತು."

ನೈಗಾಗಾ ಮೇಜಿನ ಕಡೆ ಹೋದಳು. ಕಿರುಂಡಾ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಆದರೂ ಗಂಡಸು, ಮೇಲಿನವನು. ಎರಡೂ ಮಂಡಿ ನೆಲಕ್ಕೂರಿ ನಮಸ್ಕಾರ ಹೇಳಿದಳು. ಮಂಡಿಯ ಮೇಲೆಯೇ ಇದ್ದು ಹೇಳಿದಳು, ಮಗು ಇದೆ, ಉಸಿರು ಎಪ್ಪತ್ತೆರಡು, ಎದೆ ಒಳಗೆ ಎಳೀತಿದೆ. ಕಿರುಂಡಾ ಬಂದವರ ಕಡೆ ನೋಡಿ ನಗುತ್ತಲೇ ಹಲ್ಲಿನ ಸಂದಿಯಿಂದ ಮಾತಾಡಿದ. "ತಡವಾಗಿ ಬಂದಿದೀರಿ. ನಿಮ್ಮ ಹೆಸ್ರು ಎರಡು ಸಲ ಕರೆದಾಯ್ತು. ಮೊದ್ಲು ಪರೀಕ್ಷೆ ಮುಗ್ಸಿ, ಅರ್ಧ ಗಂಟೆ ಅಷ್ಟೆ, ಆಮೇಲೆ ಮಗು ವಿಷ್ಯ. ನರ್ಸಮ್ಮ ಎಲ್ಲೂ ಓಡಿಹೋಗಲ್ಲ." ಮಗು ಓಡಿಹೋಗುತ್ತದೆ ಎಂದು ಅವಳು ಹೇಳಬೇಕೆಂದಿದ್ದಳು. ಮಂಡಿಯ ಮೇಲೆ ಕುಳಿತವರ ಬಾಯಿಂದ ಅಂಥ ಮಾತು ಬರುವುದಿಲ್ಲ. ಅವನು ಆಗಲೇ ಅವಳನ್ನು ಎಬ್ಬಿಸಿ ಒಬ್ಬ ಹುಡುಗಿಯ ಎದುರಿನ ಕುರ್ಚಿಗೆ ಕಳಿಸಿದ್ದ.

ಹುಡುಗಿಯ ಹೆಸರು ಕೆಮಿಗಿಶಾ, ದೇಶದ ಪಶ್ಚಿಮದ ಕಡೆಯವಳು. ಕನ್ನಡಕ, ಮಡಿಲಲ್ಲಿ ಟ್ಯಾಬ್. ಒಳ್ಳೆಯ ಮುಖ. ಅದು ನೈಗಾಗಾಳಿಗೆ ಇನ್ನೂ ಸಿಟ್ಟು ತರಿಸಿತು. ಕುರ್ಚಿಯನ್ನು ಬೆಂಚು ಕಾಣುವ ಹಾಗೆ ತಿರುಗಿಸಿಕೊಂಡಳು. ವಯಸ್ಸು, ಓದು, ಎಷ್ಟು ವರ್ಷದ ಅನುಭವ, ಒಂದೊಂದಕ್ಕೂ ಹುಡುಗಿಯ ಬೆರಳು ಗಾಜಿನ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಹುಟ್ಟಿದ ಮಗುವಿಗೆ ಮೊದಲ ಸ್ನಾನ ಯಾವಾಗ? ಹೊಕ್ಕುಳಿಗೆ ಏನು ಹಚ್ಚಬೇಕು? ಮೊದಲ ವಾರದಲ್ಲಿ ಎಷ್ಟು ಭೇಟಿ?

"ಮೂರು."

"ನಿಮ್ಮ ಕೊನೇ ಬಾಣಂತಿಯ ಮನೆಗೆ ಎಷ್ಟು ಸಲ ಹೋಗಿದ್ರಿ?"

ನೈಗಾಗಾ ಬೆಂಚಿನ ಕಡೆ ನೋಡಿದಳು. ಹೋಗಿದ್ದಳು, ಹೊರಗೆ ನಿಂತಿದ್ದಳು. ಒಳಗೆ ಹೋದದ್ದು ಒಂದು ಸಲ, ಯಾರೂ ಇಲ್ಲದ ಮನೆಗೆ. "ಮೂರು" ಎಂದಳು.

"ಹಸುಗೂಸಿಗೆ ಹುಷಾರಿಲ್ಲ ಅಂತ ಹೇಗೆ ಗೊತ್ತಾಗುತ್ತೆ? ನೆನಪಿರೋ ಲಕ್ಷಣಗಳನ್ನೆಲ್ಲ ಹೇಳಿ."

"ಹಾಲು ಕುಡಿಯಲ್ಲ."

"ಇನ್ನೇನಾದ್ರೂ?"

"ಉಸಿರು ಜೋರಾಗಿರುತ್ತೆ. ಎದೆ ಒಳಗೆ ಎಳೆಯುತ್ತೆ."

"ಇನ್ನೇನಾದ್ರೂ?"

ಬೆಂಚಿನ ಮೇಲೆ ಕಗೋಯಾ ಬಟ್ಟೆ ಸರಿಸಿ ಮಗುವಿನ ಬಾಯಿಗೆ ಮೊಲೆ ಇಡುತ್ತಿದ್ದಳು, ಬಾಯಿ ಹಿಡಿಯುತ್ತಿರಲಿಲ್ಲ. ಮಗುವಿನ ಒಂದು ಕೈ ಜೋತುಬಿದ್ದಿತ್ತು. ಹುಟ್ಟಿದ ಮಕ್ಕಳ ಕೈ ಹಾಗೆ ಜೋತುಬೀಳುವುದಿಲ್ಲ, ಮುಷ್ಟಿ ಕಟ್ಟಿಕೊಂಡು ಎದೆಯ ಹತ್ತಿರ ಇರುತ್ತದೆ. ಇದನ್ನು ಯಾವ ಹಾಳೆಯಲ್ಲೂ ಬರೆದಿಲ್ಲ.

"ಅಮ್ಮ, ಇನ್ನೇನಾದ್ರೂ ನೆನಪಾಗುತ್ತಾ? ಹತ್ತು ಇದೆ. ಮೂರು ಹೇಳಿದ್ರಿ."

"ಅಲ್ಲಿ ನೋಡಿ" ಎಂದಳು ನೈಗಾಗಾ.

ಹುಡುಗಿ ತಲೆ ಎತ್ತಲಿಲ್ಲ. "ತೋರಿಸೋ ಹಾಗಿಲ್ಲ ಅಮ್ಮ, ಬಾಯಲ್ಲಿ ಹೇಳ್ಬೇಕು. ನೋಡಿ ಹೇಳಿದ್ರೆ ಗೊತ್ತಿದೆ ಅಂತ ಆಗಲ್ಲ. ನಿಮಗಂತ ಅಲ್ಲ, ಎಲ್ಲರಿಗೂ ಅದೇ ನಿಯಮ."

ನೋಡಿ ಹೇಳಿದರೆ ಗೊತ್ತಿದೆ ಅಂತ ಆಗುವುದಿಲ್ಲ. ಆ ಮಾತು ಒಳಗೆ ಹೋಗಿ ಎಲ್ಲೋ ತಾಗಿತು. ಐದು ದಿನ ನೋಡದೆ ಹೇಳಿದ್ದಳು. ನೋಡದೆ ಹೇಳಿದ್ದನ್ನೆಲ್ಲ ಗೊತ್ತಿದೆ ಎಂದು ರಿಜಿಸ್ಟರು ಒಪ್ಪಿಕೊಂಡಿತ್ತು, ಇವರೂ ಒಪ್ಪಿಕೊಳ್ಳುತ್ತಾರೆ. ನೋಡಿದ್ದು ಮಾತ್ರ ಲೆಕ್ಕಕ್ಕಿಲ್ಲ. ಅವಳು ಎದ್ದಳು. ಯಾರ ಮುಂದೆಯೂ ಹಾಗೆ ಎದ್ದವಳಲ್ಲ. ಹುಡುಗಿಯ ಮಡಿಲಿನ ಟ್ಯಾಬನ್ನು ಎರಡೂ ಕೈಯಿಂದ, ಗೌರವದಿಂದಲೇ ಎತ್ತಿ ಮೇಜಿನ ಮೇಲಿಟ್ಟಳು. ಆ ಬರಿಗೈಗೆ ಉಸಿರಿನ ಗಡಿಯಾರ ಕೊಟ್ಟಳು. "ಬನ್ನಿ, ನೀವೇ ಎಣಿಸಿ. ನಾನು ಬಾಯಿ ಬಿಡಲ್ಲ. ಎರಡು ಸಲ ಬೀಪ್ ಅನ್ನಬೇಕು, ನೆನಪಿಟ್ಕೊಳ್ಳಿ. ಒಂದು ಸಲ ಅಲ್ಲ, ಎರಡು."

"ನೈಗಾಗಾ!" ಎಂದು ಕಿರುಂಡಾ ಕೂಗಿದ. "ಏನ್ರೀ ಇದು, ಅತಿಥಿಗಳ ಮುಂದೆ?"

ಹುಡುಗಿ ಅವನ ಕಡೆ ನೋಡಿದಳು, ಇವಳ ಕಡೆ ನೋಡಿದಳು, ಎದ್ದು ಬಂದಳು. ಬೆಂಚಿನ ಮುಂದೆ, ಕಗೋಯಾಳ ಕಾಲ ಬಳಿ, ಸಿಮೆಂಟಿನ ಮೇಲೆ ಮಂಡಿಯೂರಿದಳು. ನಮಸ್ಕಾರಕ್ಕಲ್ಲ, ಎದೆ ಕಾಣಲೆಂದು. ಟಿಕ್, ಟಿಕ್. ಅವಳ ತುಟಿ ಮೊದಲು ಅಲುಗುತ್ತಿತ್ತು, ಆಮೇಲೆ ಧ್ವನಿ ಬಂತು. ಬೀಪ್ ಎಂದಾಗ ತಡೆದಳು, ಮತ್ತೆ ಮುಂದುವರಿಸಿದಳು. ಅಂಗಳದಲ್ಲಿ ಸರದಿಗೆ ಕಾದಿದ್ದ ಬೇರೆ ಹಳ್ಳಿಗಳ ಕಾರ್ಯಕರ್ತೆಯರಲ್ಲಿ ಕೆಲವರ ತುಟಿಗಳೂ ಅಲುಗುತ್ತಿದ್ದವು. ಬೀಪ್ ಬೀಪ್. "ಎಪ್ಪತ್ತನಾಲ್ಕು" ಎಂದಳು ಹುಡುಗಿ. ಕನ್ನಡಕ ತೆಗೆದಳು. ಆಮೇಲೆ ಆ ಒಳ್ಳೆಯ ಮುಖದಿಂದ ಯಾರೂ ನಿರೀಕ್ಷಿಸದಷ್ಟು ಗಟ್ಟಿಯಾದ ಕೂಗು ಬಂತು: "ಸಿಸ್ಟರ್! ಚಹಾ ಇಡ್ರೀ ಕೆಳಗೆ!"

ಅವಳು ಕೂಗಿದರೆ ನರ್ಸು ಓಡಿಬಂದಳು. ನೈಗಾಗಾ ಮಂಡಿಯೂರಿ ಹೇಳಿದ್ದು ಎಪ್ಪತ್ತೆರಡು. ಅದಕ್ಕೆ ಯಾರೂ ಓಡಲಿಲ್ಲ. ಎರಡೇ ಉಸಿರು ಹೆಚ್ಚು.

ಮಗುವಿಗೆ ಚುಚ್ಚುಮದ್ದು ಕೊಟ್ಟರು, ಆಮೇಲೆ ಇನ್ನೊಂದು. ಅದು ಅತ್ತಿತು, ಸಣ್ಣಗೆ, ಆದರೆ ಅತ್ತಿತು. ಸಂಜೆಯವರೆಗೆ ಇಲ್ಲೇ ಇರಲಿ, ಉಸಿರಿನ ವೇಗ ಇಳಿಯದಿದ್ದರೆ ಜಿಲ್ಲಾಸ್ಪತ್ರೆಗೆ, ಎಂದಳು ನರ್ಸು. ಹಾಗೇನಾದರೂ ಆದರೆ ನಮ್ಮ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತೇವೆ ಎಂದಳು ಕೆಮಿಗಿಶಾ. ನರ್ಸು ರಿಜಿಸ್ಟರನ್ನು ತಿರುವಿ ನೋಡಿದಳು. "ನಿನ್ನೆ ಸಂಜೆ ಮೂವತ್ತಾರು. ಇವತ್ತು ಎಪ್ಪತ್ನಾಲ್ಕು. ಯಾರ್ರೀ ಎಣಿಸಿದ್ದು? ಎಣಿಸೋಕೂ ಬರಲ್ವಾ ನಿಮಗೆ? ನಿನ್ನೇನೇ ತಂದಿದ್ರೆ ಮಗು ಇಷ್ಟು ಒದ್ದಾಡ್ತಿತ್ತಾ?" ಕಗೋಯಾ ತಲೆ ಎತ್ತಿದಳು, ಬಾಯಿ ತೆರೆದಳು. ನೈಗಾಗಾ ಅವಳ ಕಾಲನ್ನು ತನ್ನ ಕಾಲಿನಿಂದ ಒತ್ತಿದಳು. "ನಾನೇ ಎಣಿಸಿದ್ದು. ತಪ್ಪಾಯ್ತು." ಹೇಳಿದ ಮೇಲೆ ಅದು ಸುಳ್ಳಲ್ಲ ಎನ್ನಿಸಿತು. ಚೀಲದೊಳಗೆ ಆ ಎರಡು ಬೀಪುಗಳನ್ನು ಕೇಳಿದವಳು ಅವಳೇ. "ಇವತ್ತು ಹೇಗೆ ಗೊತ್ತಾಯ್ತು ಮತ್ತೆ?" ಎಂದ ಕಿರುಂಡಾ. ಅವನ ಧ್ವನಿ ಈಗ ಮೆತ್ತಗಿತ್ತು, ಬಂದವರ ವರದಿಯಲ್ಲಿ ಏನು ಬರುತ್ತದೋ ಎಂದು ಲೆಕ್ಕ ಹಾಕುವ ಮೆದುತನ.

"ಕಿಟಕಿಯಿಂದ ಕೇಳಿಸ್ತು. ನರಳ್ತಾ ಇತ್ತು."

"ಹೊರಗಡೆಯಿಂದಲೇ?"

"ಹೊರಗಡೆಯಿಂದಲೇ."

ಉಳಿದ ಪ್ರಶ್ನೆಗಳಿಗೆ ಮತ್ತೆ ಕುರ್ಚಿಯಲ್ಲಿ ಕುಳಿತಳು, ಬಿಟ್ಟುಹೋಗುವ ಹಾಗಿಲ್ಲವಂತೆ. ಲಕ್ಷಣಗಳು ಮೂರಕ್ಕೇ ನಿಂತವು. ಹುಡುಗಿ ಅದನ್ನು ತಿದ್ದಲು ಬರುವುದಿಲ್ಲ ಎಂದು ತಲೆ ತಗ್ಗಿಸಿ ಹೇಳಿದಳು, ಹಿಂದಿನ ಪುಟಕ್ಕೆ ಹೋಗಲು ಟ್ಯಾಬು ಬಿಡುವುದಿಲ್ಲ. ಕೊನೆಗೆ ಗಾಜಿನ ಮೇಲೆ ಅಂಕಿ ಮೂಡಿತು, ಹದಿನೈದರಲ್ಲಿ ಏಳು. ಹೆಗಲ ಮೇಲಿಂದ ಬಗ್ಗಿ ನೋಡಿದ ಕಿರುಂಡಾ ನಾಲಗೆಯಲ್ಲಿ ಚ್ಚ್ ಎಂದ. ತಿಳಿವಳಿಕೆ ಸಾಲದು ಎಂದು ಬರೆಯುತ್ತಾರೆ. ಇನ್ನೊಂದು ತರಬೇತಿ ಮಾಡುತ್ತಾರೆ, ಹತ್ತು ಲಕ್ಷಣಗಳನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸುತ್ತಾರೆ, ಮಧ್ಯಾಹ್ನ ಸೋಡಾ ಕೊಡುತ್ತಾರೆ.

"ಕೊನೇದು ಅಮ್ಮ" ಎಂದಳು ಕೆಮಿಗಿಶಾ. "ಮನೆಮನೆಗೆ ಹೋಗೋಕೆ ನಿಮಗೆ ಏನೇನು ತೊಂದರೆ ಆಗುತ್ತೆ? ದೂರ, ಮಳೆ, ಸಾಮಾನು ಇಲ್ಲದಿರೋದು, ಮನೆಯವರು ಒಪ್ಪದಿರೋದು. ಇಲ್ಲಿ ಇಲ್ಲದ್ದು ಏನಾದ್ರೂ ಇದ್ರೆ ನಿಮ್ಮ ಮಾತಲ್ಲೇ ಬರ್ಕೊಳ್ತೀನಿ. ಜಾಗ ಇದೆ." ಈ ಸಲ ಅವಳು ಗಾಜಿನಿಂದ ತಲೆ ಎತ್ತಿ ನೋಡುತ್ತಿದ್ದಳು, ಕಾಯುತ್ತಿದ್ದಳು.

ಹೇಳಬಹುದಿತ್ತು. ಹೇಳಿದರೆ ಈ ಸುತ್ತಿನ ಹಳ್ಳಿಗಳಲ್ಲಿ ಕಿಟಕಿಯ ಹೊರಗೆ ನಿಂತು ಒಳಗೆ ನೋಡಿದೆ ಎಂದು ಬರೆಯುತ್ತಿರುವ ಇನ್ನೊಬ್ಬ ಅತ್ತೆಗೆ, ಇನ್ನೊಬ್ಬ ವಾಂಬುಜಿಗೆ ಏನಾದರೂ ದಾರಿಯಾಗುತ್ತಿತ್ತೋ ಏನೋ. ಸರದಿಯ ಹೆಂಗಸರ ಪೈಕಿ ನಾಲ್ಕೈದು ಮಂದಿಯ ಹೆಣ್ಣುಮಕ್ಕಳು ತಾಯಿ ಕೆಲಸ ಮಾಡುವ ಊರಿಗೇ ಮದುವೆಯಾಗಿದ್ದಾರೆ, ಅವಳಿಗೆ ಗೊತ್ತು. ಅವರ ಕಡೆ ನೋಡಲು ಧೈರ್ಯವಾಗಲಿಲ್ಲ. ಹೇಳಿದರೆ ಮೊದಲು ಕಿರುಂಡಾ ನಗುತ್ತಾನೆ, ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ, ಮ್ವೊಂಧಾನ ಕಡೆಯವರು ಶುದ್ಧಿಯಾಗಬೇಕು ಎಂದು ಅಂಗಳದಲ್ಲಿ ಕೂರುತ್ತಾರೆ. ಕತ್ತಲಲ್ಲಿ ಮಗುವಿಗಾಗಿ ಚಾಚಿದ ಆ ಕೈಯನ್ನು ಬೆಳಕಿಗೆಳೆದು ಎಲ್ಲರೂ ಮೂಸಿ ನೋಡುತ್ತಾರೆ. ಇಲ್ಲದಿದ್ದರೆ ಕಂಪಾಲಾದ ಯಾವುದೋ ಕೋಣೆಯಲ್ಲಿ ಅದೊಂದು ಸಾಲಾಗುತ್ತದೆ, ಸಾಲಿನ ಪಕ್ಕ ಒಂದು ಅಂಕಿ. ಅಂಗಳದ ಆಚೆ ಮ್ವೊಂಧಾ ಇನ್ನೂ ಬೆನ್ನು ಮಾಡಿಯೇ ನಿಂತಿದ್ದ. ಬಲಗೈಯನ್ನು ಎಡಗೈಯ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಅವಳು ದಾರಿಯುದ್ದಕ್ಕೂ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದ ಹಾಗೆಯೇ.

"ಇನ್ನೇನಾದ್ರೂ ಇದೆಯಾ ಅಮ್ಮ?"

ನೈಗಾಗಾ ಬಲಗೈಯನ್ನು ಚೀಲದ ಕೆಳಗೆ ಸರಿಸಿಕೊಂಡಳು. ಎರಡು ಬೆರಳು ಗಡಿಯಾರದ ಮೇಲೆ ಮೆಲ್ಲಗೆ ಬಡಿಯುತ್ತಿದ್ದವು. ಇದು ಅವರಿಗಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ.

"ಏನೂ ಇಲ್ಲ" ಎಂದಳು. "ದೂರ ಅಂತ ಬರ್ಕೊಳ್ಳಿ."